ಕಾಕಾನ ಪುಣೆಯಲ್ಲಿ, ಕಾಕುವಿನ ಜೊತೆ

ಶುಕ್ರವಾರ

ಹುಬ್ಬಳ್ಳಿ–ಪುಣೆ ವಂದೇ ಭಾರತ್ ವಾರಕ್ಕೆ ಮೂರೇ ದಿನ. ಹುಬ್ಬಳ್ಳಿ ಬಿಡುವುದು ಬೆಳಗಿನ ಐದಕ್ಕೆ. ಧಾರವಾಡದಲ್ಲಿ ಹತ್ತುವವರು ನಾಲ್ಕಕ್ಕಾದರೂ ಎದ್ದಿರಬೇಕು. ಕಾಕು ಅದಕ್ಕೂ ಮೊದಲೇ ಎದ್ದು, ಸ್ನಾನ ಪೂಜೆ ಮುಗಿಸಿ, ಚಪಾತಿ ಮಾಡಿ, ಶೇಂಗಾ ಚಟ್ನಿ ಕಟ್ಟಿಕೊಂಡು ಪಡಸಾಲೆಯಲ್ಲಿ ಕೂತಿದ್ದಳು.

"ಗಾಡ್ಯಾಗ ನಾಷ್ಟಾ ಕೊಡ್ತಾರ ಕಾಕು."

"ಕೊಡಲಿ. ನೀ ತಿನ್ನು."

ಕಾಕಾ ಹೋಗಿ ವರ್ಷವಾಯಿತು. ವರ್ಷಾಂತಿಕ ಹೋದ ತಿಂಗಳು ಮುಗಿಯಿತು. ನಮ್ಮಪ್ಪನ ಕಡೇ ತಮ್ಮ ಅವರು. ಓಣಿಗೆಲ್ಲ ಕರ್ನಲ್ ಸಾಹೇಬ್ರು. ಬಾಂಬೆ ಸ್ಯಾಪರ್ಸ್‌ನಲ್ಲಿದ್ದರು, ಅಂದರೆ ಸೈನ್ಯದ ಇಂಜಿನಿಯರ್ ದಳ. ರಸ್ತೆ ಮಾಡುವುದು, ಸೇತುವೆ ಕಟ್ಟುವುದು, ನೆಲದಲ್ಲಿ ಹೂತ ಮೈನ್ ಹುಡುಕಿ ತೆಗೆಯುವುದು ಅವರ ಕಸುಬು. 1997ರಲ್ಲಿ ನಿವೃತ್ತರಾಗಿ ಧಾರವಾಡದ ಹಳೇ ಮನೆಗೆ ಬಂದರು. ಕೊನೆವರೆಗೂ ಅಲ್ಲೇ ಇದ್ದರು.

ತೀರಿಕೊಂಡಾಗ ಊರಲ್ಲಿ ಒಂದು ಶ್ರದ್ಧಾಂಜಲಿ ಸಭೆ ಆಯಿತು. ಮಾತಾಡಿದವರೆಲ್ಲ ಎರಡೇ ಮಾತು ಹೇಳಿದರು. ದೇಶಕ್ಕೆ ದುಡಿದರು, ಅಪ್ಪಟ ಸಂಸಾರಸ್ಥರು. ಮುಂದಿನ ಸಾಲಿನಲ್ಲಿದ್ದ ಕಾಕು, ಎರಡನೇ ಮಾತು ಬಂದಾಗೆಲ್ಲ ನನ್ನ ಕಡೆ ತಿರುಗಿ ಹುಬ್ಬು ಏರಿಸುತ್ತಿದ್ದಳು. ಯಾಕೆ ಅಂತ ಗೊತ್ತಾಗಿದ್ದು ಪುಣೆಗೆ ಬಂದ ಮೇಲೆ.

ಹೊರಟದ್ದು ಕಾಕಾನ ಕೋರ್ಸ್‌ಮೇಟ್‌ಗಳ ಡಿಸೆಂಬರ್ ಊಟಕ್ಕೆ. ಕೋರ್ಸ್‌ಮೇಟ್ ಅನ್ನುವುದು ಸೈನ್ಯದಲ್ಲಿ ನೆಂಟಸ್ತನಕ್ಕಿಂತ ಗಟ್ಟಿ. ಹದಿನಾರು ಹದಿನೇಳರ ವಯಸ್ಸಿನಲ್ಲಿ ಎನ್‌ಡಿಎಯಲ್ಲಿ, ಅಂದರೆ ಪುಣೆಯ ಸೇನಾ ತರಬೇತಿ ಅಕಾಡೆಮಿಯಲ್ಲಿ, ಒಟ್ಟಿಗೆ ಬೈಸಿಕೊಂಡವರು, ಎಂಬತ್ತಾದರೂ ಬಿಡುವುದಿಲ್ಲ. ಒಬ್ಬರು ಹೋದರೆ ಅವರ ಹೆಂಡತಿಯನ್ನು ಕರೆಯುವುದನ್ನೂ ಬಿಡುವುದಿಲ್ಲ. ಫೋನ್ ಬಂದಾಗ ಕಾಕು ಹೂಂ ಅಂದುಬಿಟ್ಟಿದ್ದಳು. ಮಗಳ ಮನೆ ಪುಣೆಯಲ್ಲೇ ಇದೆ, ಅದೊಂದು ಅನುಕೂಲ. ನನ್ನನ್ನು ಕರೆದದ್ದು ಚೀಲ ಎತ್ತಲಿಕ್ಕೆ.

ಲೋಂಡಾ ಕಾಡು ದಾಟುವ ಹೊತ್ತಿಗೆ ಬೆಳಕಾಯಿತು. ಕಾಕು ಒಂದು ನೀಲಿ ಫೈಲ್ ತೆಗೆದಳು. ಕಾಕಾನದು. "ನಾನು ಹೋದ ಮೇಲೆ" ಅಂತ ಮೇಲೆ ದಪ್ಪಗೆ ಬರೆದಿದೆ. ನಿವೃತ್ತ ಅಧಿಕಾರಿಗಳಲ್ಲಿ ಬಹಳ ಜನ ಇಂಥದ್ದೊಂದು ಮಾಡಿಡುತ್ತಾರೆ. ಪಿಪಿಒ ಅಂದರೆ ಪಿಂಚಣಿ ಆದೇಶದ ನಂಬರ್, ಬ್ಯಾಂಕ್ ಖಾತೆ, ಲಾಕರ್ ಕೀಲಿ ಎಲ್ಲಿದೆ, ಇಸಿಎಚ್‌ಎಸ್ ಆಸ್ಪತ್ರೆ ಕಾರ್ಡ್, ಕ್ಯಾಂಟೀನ್ ಕಾರ್ಡ್, ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಡುವುದು ಹೇಗೆ. ಕುಟುಂಬ ಪಿಂಚಣಿ ಕೊನೆಯ ಸಂಬಳದ ಶೇ 30ರ ಲೆಕ್ಕದಲ್ಲಿ ಬರುತ್ತದೆ, ಎಂಬತ್ತು ತುಂಬಿದ ಮೇಲೆ ಶೇ 20 ಜಾಸ್ತಿ ಸೇರುತ್ತದೆ ಅಂತಲೂ ಬರೆದಿದ್ದಾರೆ.

"ಎಂಬತ್ತಕ್ಕ ಜಾಸ್ತಿ ಕೊಡ್ತಾರಂತ. ಇನ್ನೂ ಏಳು ವರ್ಷ ಕಾಯಬೇಕು" ಅಂದಳು ಕಾಕು. ಕಾಯುವುದು ಗ್ಯಾರಂಟಿ ಅನ್ನುವ ದನಿ.

ಫೈಲ್ ಮೊದಲು ಇಂಗ್ಲಿಷಿನಲ್ಲಿ ಇತ್ತಂತೆ. "ಇದನ್ನ ಓದೂದು ನಾನೋ, ನಿಮ್ಮ ಬ್ರಿಗೇಡಿಯರ್ರೋ?" ಅಂತ ಕಾಕು ಕೇಳಿದ ಮೇಲೆ ಪೂರ್ತಿ ಕನ್ನಡದಲ್ಲಿ ಬರೆದರಂತೆ. ಅಕ್ಷರ ದುಂಡಗಿವೆ. ಮನೆಗೆ ಪತ್ರ ಬರೆದು ಬರೆದು ಪಳಗಿದ ಕೈ.

ಆ ಪತ್ರಗಳು ನನಗೂ ನೆನಪಿವೆ. ನಾನು ಚಿಕ್ಕವನಿದ್ದಾಗ ನೀಲಿ ಇನ್‌ಲ್ಯಾಂಡ್ ಬರುತ್ತಿತ್ತು. ಊರಿನ ಹೆಸರೇ ಇರುತ್ತಿರಲಿಲ್ಲ. ಯೂನಿಟ್ಟಿನ ಹೆಸರು, ಕೆಳಗೆ "56 ಎಪಿಒ", ಅಷ್ಟೇ. ಸೈನ್ಯದ ಅಂಚೆ ವಿಳಾಸ ಅದು. ಯಾವ ತುಕಡಿ ಎಲ್ಲಿದೆ ಅಂತ ಹೊರಗಿನವರಿಗೆ ತಿಳಿಯಬಾರದು ಅಂತ ಮಾಡಿದ ಏರ್ಪಾಡು. ನಾನು 56 ಎಪಿಒ ಅನ್ನುವುದು ದೆಹಲಿ ಆಚೆ ಎಲ್ಲೋ ಇರುವ ಒಂದು ಊರು ಅಂದುಕೊಂಡು ಶಾಲೆಯ ನಕಾಶೆಯಲ್ಲಿ ಹುಡುಕಿದ್ದೂ ಉಂಟು. ಅಜ್ಜಿಯಂತೂ ಬೀಗರ ಮುಂದೆ "ನಮ್ಮ ಹುಡುಗ ಛಪ್ಪನ್ನದಾಗ ಇದ್ದಾನ" ಅಂತಲೇ ಹೇಳುತ್ತಿದ್ದಳು.

ಮಿರಜ, ಸಾಂಗ್ಲಿ, ಸಾತಾರಾ. ಜೆಜುರಿ ಹತ್ತಿರ ಬಂದಾಗ ಕಾಕು ಕಿಟಕಿಯತ್ತ ಕೈ ಮುಗಿದಳು. ಮರಾಠರ ಖಂಡೋಬಾ, ನಮ್ಮ ಮೈಲಾರಲಿಂಗ. ಎಸಿ ಗಾಜಿನೊಳಗಿಂದ ಮುಗಿದರೆ ತಲುಪುತ್ತದೋ ಇಲ್ಲವೋ ಅಂತ ಅವಳಿಗೇ ಅನುಮಾನ ಬಂದು ಮತ್ತೊಮ್ಮೆ ಮುಗಿದಳು. ಒಂದೂವರೆಗೆ ಪುಣೆ.

ಅಕ್ಕನ ಮನೆ ಕೋಥ್ರೂಡಿನಲ್ಲಿ. ಭಾವ ಸೊಲ್ಲಾಪುರದವರು. ಅವರ ಕನ್ನಡದಲ್ಲಿ ಅರ್ಧ ಮರಾಠಿ, ಅವರ ಮರಾಠಿಯಲ್ಲಿ ಅರ್ಧ ಕನ್ನಡ. ಅವರ ಮಗ, ಅಂದರೆ ನನ್ನ ಅಳಿಯ, ಇಂಜಿನಿಯರಿಂಗ್ ಓದುತ್ತಾನೆ. ಅಜ್ಜಿಯ ಜೊತೆ ಮಾತ್ರ ಧಾರವಾಡದ ಮಾತು, ಅದೂ ಎಪ್ಪತ್ತರ ಮುದುಕರು ಆಡುವ ಹಾಗೆ. ಯಾಕೆಂದರೆ ಕನ್ನಡ ಕಲಿಸಿದ್ದು ಕಾಕಾ. ದಿನಾ ಸಂಜೆ ಏಳಕ್ಕೆ ಫೋನ್ ಮಾಡಿ ಹತ್ತು ನಿಮಿಷ ಮಾತಾಡಿಸುತ್ತಿದ್ದರು. ಹತ್ತು ಅಂದರೆ ಹತ್ತು. ಕತೆ ನಡುವೆ ನಿಂತರೂ ಇಟ್ಟುಬಿಡುತ್ತಿದ್ದರಂತೆ.

ರಾತ್ರಿ ಊಟದ ಹೊತ್ತಿಗೆ ಅಕ್ಕ ಒಂದು ಕತೆ ಹೇಳಿದಳು. ನಾನು ಮೊದಲೇ ಕೇಳಿದ್ದೆ. ಆದರೆ ಕಾಕುವಿನ ಎದುರಿಗೆ ಕೇಳಿರಲಿಲ್ಲ. ಅಕ್ಕನಿಗೆ ಮೂರು ವರ್ಷ. ಕಾಕಾ ಈಶಾನ್ಯದ ಗಡಿಯಿಂದ ವಾರ್ಷಿಕ ರಜೆಗೆ ಬಂದಿದ್ದರು. ಅಂಥ ಕಡೆ ಸಂಸಾರ ಒಯ್ಯಲು ಬಿಡುತ್ತಿರಲಿಲ್ಲ. ಹೆಂಡತಿ ಮಕ್ಕಳು ಊರಲ್ಲಿ. ವರ್ಷಕ್ಕೆ 60 ದಿನ ರಜೆ, ಅದೂ ಸಿಕ್ಕರೆ. ನಾಲ್ಕು ದಿನ ಈ ಮನುಷ್ಯ ಮನೆಯಲ್ಲಿರುವುದನ್ನು ನೋಡಿದ ಅಕ್ಕ, ಐದನೇ ದಿನ ಕಾಕುವಿನ ಸೆರಗು ಎಳೆದು ಕೇಳಿದಳಂತೆ: "ಅವ್ವಾ, ಇವರು ಯಾವಾಗ ಹೋಗ್ತಾರ?"

ಎಲ್ಲರೂ ನಕ್ಕರು. ಕಾಕು ನಗಲಿಲ್ಲ. "ಅವತ್ತ ಅವರು ಉಣ್ಣಲಿಲ್ಲ" ಅಂದಳು. "ಅದನ್ನ ಯಾರೂ ಹೇಳೂದಿಲ್ಲ."

ಶನಿವಾರ

ವನಾಜ್‌ನಲ್ಲಿ ಮೆಟ್ರೋ ಹತ್ತಿ, ಸಿವಿಲ್ ಕೋರ್ಟ್‌ನಲ್ಲಿ ಇನ್ನೊಂದಕ್ಕೆ ಬದಲಾಯಿಸಿದೆವು. ಕಾಕುವಿಗೆ ದಾಪೋಡಿ ನೋಡಬೇಕಿತ್ತು. ಅಲ್ಲಿ ಕಾಲೇಜ್ ಆಫ್ ಮಿಲಿಟರಿ ಇಂಜಿನಿಯರಿಂಗ್ ಇದೆ, ಎಲ್ಲರೂ ಸಿಎಂಇ ಅನ್ನುತ್ತಾರೆ. 1943ರಲ್ಲಿ ರೂರ್ಕಿಯಲ್ಲಿ ಶುರುವಾಗಿ, 1948ರಲ್ಲಿ ಇಲ್ಲಿಗೆ ಬಂತು. ಎನ್‌ಡಿಎಯಿಂದ ಬಂದ ಸ್ಯಾಪರ್ ಅಧಿಕಾರಿಗಳು ಕೆಲ ವರ್ಷ ತುಕಡಿಯಲ್ಲಿ ಕೆಲಸ ಮಾಡಿ, ಆಮೇಲೆ ಇಲ್ಲಿ ಬಂದು ಇಂಜಿನಿಯರಿಂಗ್ ಡಿಗ್ರಿ ಓದುತ್ತಾರೆ. ಮದುವೆಯಾಗಿ ಮಕ್ಕಳಿರುವ ಕ್ಯಾಪ್ಟನ್‌ಗಳು ಪುಸ್ತಕದ ಚೀಲ ಹಿಡಿದು ಸೈಕಲ್ ಮೇಲೆ ಕ್ಲಾಸಿಗೆ ಹೋಗುವುದು. ಕಾಕಾ ಹಾಗೆ ಓದಿದ್ದು ಎಪ್ಪತ್ತರ ದಶಕದಲ್ಲಿ. ಅಕ್ಕ ಹುಟ್ಟಿದ್ದೂ ಆಗಲೇ.

ಮೆಟ್ರೋ ಹೆದ್ದಾರಿಯ ಮೇಲೇ ಹೋಗುತ್ತದೆ. ಪಕ್ಕದಲ್ಲಿ ಸಿಎಂಇ ಗೋಡೆ, ಒಳಗೆ ಗಿಡಮರ. "ಅಲ್ಲೆ, ಆ ದೊಡ್ಡ ಗಿಡದ ಹಿಂದ ನಮ್ಮ ಕ್ವಾರ್ಟರ್ಸ್" ಅಂತ ಕಾಕು ತೋರಿಸಿದಳು. ನನಗೆ ನೂರು ದೊಡ್ಡ ಗಿಡ ಕಂಡವು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ವಾಪಸ್ ಗಾಡಿ ಹತ್ತಿ, ಇನ್ನೊಮ್ಮೆ ನೋಡಿದಳು.

ಅವರ ಮದುವೆ 1971ರ ಮೇ ತಿಂಗಳಲ್ಲಿ. ಅಕ್ಟೋಬರಿಗೆಲ್ಲ ತುಕಡಿಗಳು ಗಡಿಗೆ ಹೊರಟವು. ದೀಪಾವಳಿಗೆ ಬರುತ್ತೇನೆ ಅಂದವರು ಬಂದದ್ದು ಮುಂದಿನ ವರ್ಷ. ಡಿಸೆಂಬರಿನ ಯುದ್ಧ ಎರಡು ವಾರದಲ್ಲಿ ಮುಗಿದರೂ, ಸ್ಯಾಪರ್‌ಗಳ ಪಾಲಿಗೆ ಮುಗಿಯಲಿಲ್ಲ. ಹೂತ ಮೈನ್ ಯಾರಾದರೂ ತೆಗೆಯಬೇಕಲ್ಲ. ಹೊಟ್ಟೆ ಮೇಲೆ ಮಲಗಿ, ಮೊನಚಾದ ಸಲಾಕೆಯನ್ನು ಓರೆಯಾಗಿ ನೆಲಕ್ಕೆ ಚುಚ್ಚುತ್ತ, ಒಂದೊಂದು ಗೇಣು ಮುಂದೆ ಹೋಗಬೇಕು. ನೇರ ಚುಚ್ಚಿದರೆ ಮೈನಿನ ತಲೆ ಮೇಲೆ ಒತ್ತಡ ಬಿದ್ದು ಸಿಡಿಯುತ್ತದೆ. ಓರೆ ಚುಚ್ಚಿದರೆ ಮಗ್ಗುಲಿಗೆ ತಾಗುತ್ತದೆ.

ಈ ಕೆಲಸದ ಬಗ್ಗೆ ಕಾಕಾ ಮನೆಯಲ್ಲಿ ಮಾತಾಡುತ್ತಿರಲಿಲ್ಲ. ಆದರೆ ಮನೆಯಲ್ಲಿ ಗಾಜಿನ ಲೋಟ ಒಡೆದರೆ ಎಲ್ಲರನ್ನೂ ನಿಂತಲ್ಲೇ ನಿಲ್ಲಿಸುತ್ತಿದ್ದರು. ಲೈಟ್ ಆರಿಸಿ, ನೆಲದ ಮೇಲೆ ಉದ್ದಕ್ಕೆ ಮಲಗಿ, ಟಾರ್ಚನ್ನು ನೆಲಕ್ಕೆ ಸಮವಾಗಿ ಹಿಡಿಯುತ್ತಿದ್ದರು. ಸಣ್ಣ ಚೂರು ಕೂಡ ಮಿಂಚುತ್ತಿತ್ತು. ಒಂದೊಂದೇ ಹೆಕ್ಕಿ, ಕೈಯಿಂದ ನೆಲ ಸವರಿ ನೋಡಿ, "ಈಗ ನಡೀರಿ" ಅಂದ ಮೇಲೇ ನಾವು ಹೆಜ್ಜೆ ಇಡಬೇಕು. ನಮ್ಮ ಮನೆಯಲ್ಲಿ ಈಗಲೂ ಗಾಜು ಒಡೆದರೆ ಹೀಗೇ ಮಾಡುತ್ತೇವೆ.

ಖಡಕಿಯಲ್ಲಿ ಇಳಿದು ರಿಕ್ಷಾ ಹಿಡಿದೆವು. ಬಾಂಬೆ ಸ್ಯಾಪರ್ಸ್ ಕೇಂದ್ರ ಇಲ್ಲೇ ಇರುವುದು. 2025ರ ಜನವರಿ 15ರಂದು ಸೇನಾ ದಿನದ ಪರೇಡ್ ನಡೆದದ್ದು ಈ ಕೇಂದ್ರದಲ್ಲೇ. 1949ರ ಆ ದಿನ ನಮ್ಮ ಕೊಡಗಿನ ಕಾರ್ಯಪ್ಪನವರು ಸೈನ್ಯದ ಮೊದಲ ಭಾರತೀಯ ಮುಖ್ಯಸ್ಥರಾದರು, ಅದಕ್ಕೇ ಆ ತಾರೀಕು. ಆದರೆ ಸ್ಯಾಪರ್‌ಗಳ ಬಾಯಲ್ಲಿ ಮೊದಲು ಬರುವ ಹೆಸರು ರಾಮಾ ರಾಘೋಬಾ ರಾಣೆ. ಅವರೂ ನಮ್ಮವರೇ, ಕಾರವಾರ ಹತ್ತಿರದ ಚೆಂಡಿಯಾ ಊರಿನ ಮನೆತನ. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಾಜೌರಿಗೆ ಟ್ಯಾಂಕುಗಳು ಹೋಗಬೇಕಿತ್ತು. ದಾರಿ ತುಂಬ ಮೈನ್, ಕಡಿದು ಕೆಡವಿದ ಪೈನ್ ಮರಗಳು, ಮೇಲಿಂದ ಗುಂಡು. ಮೊದಲ ದಿನವೇ ಗಾಯಗೊಂಡರೂ ರಾಣೆ ದಾರಿ ತೆರವು ಮಾಡುತ್ತ ಹೋದರು. ಪರಮವೀರ ಚಕ್ರ ಬಂತು. ಬದುಕಿರುವಾಗ ಅದನ್ನು ಪಡೆದ ಮೊದಲಿಗರಲ್ಲಿ ಅವರೊಬ್ಬರು. 1994ರಲ್ಲಿ ತೀರಿಕೊಂಡದ್ದು ಈ ಪುಣೆಯಲ್ಲೇ. ಕಾರವಾರದ ಬೀಚಿನಲ್ಲಿ ಅವರ ಪ್ರತಿಮೆ ಇದೆ. ಪ್ರವಾಸಕ್ಕೆ ಹೋದವರು ಪಕ್ಕದ ಹಡಗಿನ ಮ್ಯೂಸಿಯಂ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತಾರೆ, ಈ ಕಡೆ ನೋಡುವವರು ಕಡಿಮೆ. ಕಾಕಾ ಮಾತ್ರ ಮಕ್ಕಳನ್ನೆಲ್ಲ ಅಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು.

ಖಡಕಿಯ ವಾರ್ ಸಿಮೆಟರಿ ಯಾರು ಬೇಕಾದರೂ ನೋಡಬಹುದು. ಎರಡನೇ ಮಹಾಯುದ್ಧದಲ್ಲಿ ಸತ್ತ 1,600ಕ್ಕೂ ಹೆಚ್ಚು ಜನರ ಗೋರಿಗಳಿವೆ. ಹುಲ್ಲು ಒಪ್ಪವಾಗಿ ಕತ್ತರಿಸಿರುತ್ತಾರೆ. ಕಾಕು ಕಲ್ಲುಗಳ ಮೇಲಿನ ವಯಸ್ಸು ಮಾತ್ರ ಓದುತ್ತ ನಡೆದಳು. ಹತ್ತೊಂಬತ್ತು. ಇಪ್ಪತ್ತೆರಡು. ಇಪ್ಪತ್ತು. ಆಮೇಲೆ ಬಿಸಿಲು ಜಾಸ್ತಿಯಾಯಿತು, ಚಹಾ ಬೇಕು ಅಂದಳು.

ಸಂಜೆ ಫರ್ಗ್ಯುಸನ್ ಕಾಲೇಜ್ ರಸ್ತೆಯ ವೈಶಾಲಿ. ಪುಣೆಗೆ ಬಂದ ಕನ್ನಡಿಗ ಇಲ್ಲಿಗೆ ಹೋಗದಿದ್ದರೆ ಯಾರಾದರೂ ಕೇಳೇ ಕೇಳುತ್ತಾರೆ. ಉಡುಪಿ ಕಡೆಯಿಂದ ಹುಡುಗನಾಗಿ ಹೊರಟ ಜಗನ್ನಾಥ ಶೆಟ್ಟರು ಬೆಳೆಸಿದ ಹೋಟೆಲ್. 2023ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ ಪುಣೆಯವರು ಮನೆಯವರು ಹೋದ ಹಾಗೆ ಮರುಗಿದರು. ಹೊರಗೆ ಸರದಿ, ಒಳಗೆ ಗದ್ದಲ. ಸಾಂಬಾರು ಸ್ವಲ್ಪ ಸಿಹಿ. ಅದು ಪುಣೆಯ ರುಚಿ, ತಕರಾರು ಮಾಡುವಂತಿಲ್ಲ. ಕಾಕು ವೇಟರ್ ಜೊತೆ ಕನ್ನಡದಲ್ಲೇ ಮಾತಾಡಿದಳು. ಆತ ಕುಂದಾಪುರದವ. ಅವನ ಕನ್ನಡ ಕಾಕುವಿಗೆ, ಕಾಕುವಿನ ಕನ್ನಡ ಅವನಿಗೆ ಅರ್ಧ ಅರ್ಧ ತಿಳಿಯಿತು. ಚಟ್ನಿ ಮಾತ್ರ ಎರಡು ಸಲ ಬಂತು.

ಅಲ್ಲಿ ಕೂತಾಗ ಸವಾಯಿ ಗಂಧರ್ವ ಸಂಗೀತ ಉತ್ಸವದ ಮಾತು ಬಂತು. ಡಿಸೆಂಬರ್ ಅಂದರೆ ಪುಣೆಯಲ್ಲಿ ಅದರ ಸುದ್ದಿಯೇ. ಗುರು ಸವಾಯಿ ಗಂಧರ್ವರು ಕುಂದಗೋಳದವರು. ಅವರ ನೆನಪಿಗೆ 1953ರಲ್ಲಿ ಶುರುವಾದ ಉತ್ಸವವನ್ನು ದಶಕಗಳ ಕಾಲ ನಡೆಸಿದ ಶಿಷ್ಯ ಭೀಮಸೇನ ಜೋಶಿಯವರು ಗದಗಿನವರು. ಆಗ ರಾತ್ರಿಯಿಡೀ ನಡೆಯುತ್ತಿತ್ತು. ಡಿಗ್ರಿ ಓದುವಾಗ ಕಾಕಾ, ಕಾಕು ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋಗಿ ನೆಲದ ಮೇಲೆ ಕೂತು ಕೇಳುತ್ತಿದ್ದರು. "ಭೀಮಣ್ಣನ ಪಾಳಿ ಬರೂದರಾಗ ಬೆಳಗಾಗತಿತ್ತು. ಇವರು ಕೂಸಿನ್ನ ತೊಡಿ ಮ್ಯಾಲ ಹಾಕ್ಕೊಂಡು ಅಲ್ಲಾಡದ ಕೂತಿರ್ತಿದ್ರು. ಮಗಳು ಹುಟ್ಟಿದ ಮ್ಯಾಲ ಅವರು ಪೂರಾ ನಮ್ಮ ಜೋಡಿ ಇದ್ದಿದ್ದು ಅದ ಒಂದು ಸಲ" ಅಂದಳು ಕಾಕು. ಆಮೇಲೆ ಸಿಕ್ಕಿಂ, ಅರುಣಾಚಲ, ರಾಜಸ್ಥಾನ, ಮತ್ತೆ ಈಶಾನ್ಯ. ಮಗಳ ಶಾಲೆಗಾಗಿ ಕಾಕು ಧಾರವಾಡದಲ್ಲೇ ಉಳಿದಳು.

ರವಿವಾರ

ಎನ್‌ಡಿಎ ಒಳಗೆ ಸುಮ್ನೆ ಹೋಗಿ ನೋಡಲು ಆಗುವುದಿಲ್ಲ. ಕೋರ್ಸ್‌ಮೇಟ್ ಒಬ್ಬರ ಮಗ ಸೇವೆಯಲ್ಲಿದ್ದಾನೆ, ಮುಂಚೆಯೇ ಪಾಸ್ ಮಾಡಿಸಿದ್ದ. ಬೆಳಿಗ್ಗೆ ಚಳಿ. ಖಡಕವಾಸ್ಲಾ ಕೆರೆಯ ಮೇಲೆ ಮಂಜು, ಅದರಾಚೆ ಸಿಂಹಗಡ. ಕಾಕಾ ಇಲ್ಲಿಗೆ ಬಂದದ್ದು 1962ರ ಜನವರಿಯಲ್ಲಿ. ಅದಕ್ಕೂ ಆರು ತಿಂಗಳ ಮುಂಚೆ, ಜುಲೈ 12ರಂದು, ಮೇಲಿನ ಪಾನಶೇತ್ ಒಡ್ಡು ಒಡೆದಿತ್ತು. ಆ ನೀರಿಗೆ ಖಡಕವಾಸ್ಲಾ ಒಡ್ಡೂ ಕಿತ್ತುಹೋಗಿ ಪುಣೆಯ ಪೇಠೆಗಳು ಮುಳುಗಿದ್ದವು. "ಒಡ್ಡು ಹ್ಯಾಂಗ ಒಡೀತದ ಅನ್ನೂದನ್ನ ನೋಡಿದ ಮ್ಯಾಲ, ಇಂಜಿನಿಯರ್ ಆಗಬೇಕಂತ ಅನಿಸ್ತು" ಅಂತ ಕಾಕಾ ಹೇಳುತ್ತಿದ್ದದ್ದು ನೆನಪಿದೆ. ಕಾಕಾ ಸೇರಿದ ವರ್ಷವೇ ಅಕ್ಟೋಬರಿನಲ್ಲಿ ಚೀನಾ ಯುದ್ಧ. ತರಬೇತಿ ಕೊಡುತ್ತಿದ್ದವರೇ ಒಬ್ಬೊಬ್ಬರಾಗಿ ಗಡಿಗೆ ಹೋಗುವುದನ್ನು ಹುಡುಗರು ನೋಡಿದರಂತೆ.

ಮಧ್ಯದ ಗುಮ್ಮಟದ ಕಟ್ಟಡ ಸುಡಾನ್ ಬ್ಲಾಕ್. ಜೋಧಪುರದ ಕೆಂಪು ಕಲ್ಲು. ಪುಣೆಯಲ್ಲಿ ಸುಡಾನ್ ಹೆಸರು ಯಾಕೆ ಅಂತ ಅಳಿಯ ಕೇಳಿದ. ಎರಡನೇ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕಾದಲ್ಲಿ ಹೋರಾಡಿದ ಭಾರತೀಯ ಸೈನಿಕರ ನೆನಪಿಗೆ ಸುಡಾನ್ ಸರ್ಕಾರ 1941ರಲ್ಲಿ ಒಂದು ಲಕ್ಷ ಪೌಂಡ್ ಕೊಟ್ಟಿತ್ತು. ದೇಶ ವಿಭಜನೆಯಾದಾಗ ಆ ಹಣವೂ ಭಾಗವಾಯಿತು. ನಮ್ಮ ಪಾಲಿಗೆ ಬಂದ 70,000 ಪೌಂಡ್ ಇಲ್ಲಿ ಹಾಕಿದರು. ನೆಹರೂ ಅಡಿಗಲ್ಲು ಹಾಕಿದ್ದು 1949ರ ಅಕ್ಟೋಬರ್ 6ಕ್ಕೆ. 2025ರ ಮೇ ತಿಂಗಳಲ್ಲಿ ಇಲ್ಲಿಂದ ಮೊದಲ ಸಲ 17 ಹುಡುಗಿಯರು ಪಾಸಾಗಿ ಹೊರಬಿದ್ದರು. ಕಾಕಾ ಅದನ್ನು ನೋಡಲಿಲ್ಲ. ಹುಡುಗಿಯರನ್ನು ಸೇರಿಸಿಕೊಂಡ 2022ರಲ್ಲಿ ಮಾತ್ರ ಪೇಪರ್ ಕತ್ತರಿಸಿ ಫ್ರಿಜ್‌ಗೆ ಅಂಟಿಸಿದ್ದರು.

ಪರೇಡ್ ಮೈದಾನಕ್ಕೆ ಅರುಣ್ ಖೇತರಪಾಲ್ ಹೆಸರು. ಪುಣೆಯಲ್ಲೇ ಹುಟ್ಟಿದ ಹುಡುಗ. 1971ರ ಡಿಸೆಂಬರ್ 16ರಂದು ಬಸಂತರ್ ಕಾಳಗದಲ್ಲಿ ಟ್ಯಾಂಕಿನಲ್ಲೇ ಸತ್ತಾಗ 21 ವರ್ಷ. ಅಲ್ಲಿಯೂ ಮೈನ್‌ಗಳ ದೊಡ್ಡ ಪಟ್ಟಿ ಇತ್ತು. ಸ್ಯಾಪರ್‌ಗಳು ದಾರಿ ಪೂರ್ತಿ ತೆರವು ಮಾಡುವ ಮೊದಲೇ ಟ್ಯಾಂಕುಗಳು ನುಗ್ಗಬೇಕಾಯಿತು. ಕಾಕಾನ ತುಕಡಿ ಅದೇ ಶಕರಗಢ ಭಾಗದಲ್ಲಿ, ಬೇರೆ ಕಡೆ ಇತ್ತು.

ಆಮೇಲೆ ಹಟ್ ಆಫ್ ರಿಮೆಂಬ್ರನ್ಸ್. ಇದು ಕೆಡೆಟ್‌ಗಳೇ ಶ್ರಮದಾನದಿಂದ ಕಟ್ಟಿದ್ದು. ಇಲ್ಲಿ ಓದಿ ಯುದ್ಧದಲ್ಲಿ ಸತ್ತವರ ಹೆಸರುಗಳಿವೆ. ಕಾಕು ಕನ್ನಡಕ ಬದಲಾಯಿಸಿ ಒಂದು ಹೆಸರು ಹುಡುಕಿದಳು. ಮದುವೆಗೆ ಬಂದಿದ್ದ ಕಾಕಾನ ಗೆಳೆಯ. ಧಾರವಾಡದ ಬಿಸಿಲಿಗೆ ಸೂಟ್ ಹಾಕಿಕೊಂಡು ಬಂದು, ಪಂಕ್ತಿಯಲ್ಲಿ ನೆಲಕ್ಕೆ ಕೂರಲಾಗದೆ ಒದ್ದಾಡಿದ್ದನಂತೆ. ಹೋಳಿಗೆ ಮಾತ್ರ ಆರು ತಿಂದಿದ್ದನಂತೆ. ಆರು ತಿಂಗಳಿಗೆ ಇಲ್ಲ. "ಇವರು ಪ್ರತಿ ವರ್ಷ ಹೋಳಿಗಿ ಮಾಡಿದ ದಿನ ಅವನ ಹೆಸರು ತಗೀತಿದ್ರು. ನನಗ ಸಿಟ್ಟು ಬರ್ತಿತ್ತು, ಹಬ್ಬದ ದಿನ ಯಾಕ ಅಂತ" ಅಂದಳು. ಹೆಸರು ಸಿಕ್ಕಿತು. ಅಳಿಯ ಫೋಟೋ ತೆಗೆಯಲು ಹೋದ. ಅಕ್ಕ ಬೇಡ ಅಂದಳು.

ಮಧ್ಯಾಹ್ನದ ಊಟ ಕ್ಯಾಂಪಿನ ಒಂದು ಮೆಸ್ಸಿನಲ್ಲಿ. ಎಂಬತ್ತರ ಆಸುಪಾಸಿನ ಮುದುಕರು. ಕೋಟು, ರೆಜಿಮೆಂಟಿನ ಟೈ, ಕಿವಿಯಲ್ಲಿ ಮಷಿನ್, ಕೈಯಲ್ಲಿ ಕೋಲು. ಒಬ್ಬರನ್ನೊಬ್ಬರು ಇನ್ನೂ ಹುಡುಗರ ಅಡ್ಡಹೆಸರಿನಲ್ಲೇ ಕೂಗುತ್ತಾರೆ. ನಾವು ತಂದಿದ್ದ ಧಾರವಾಡ ಪೇಢಾ ಊಟಕ್ಕೆ ಮೊದಲೇ ಖಾಲಿ. ಆ ವರ್ಷ ಹೋದವರ ಹೆಸರು ಓದಿದರು. ಎಲ್ಲರೂ ಎದ್ದು ನಿಂತರು, ಏಳಲಾಗದವರೂ ಎದ್ದರು. ಆಮೇಲೆ ಒಬ್ಬರು ಕಾಕಾನ ಬಗ್ಗೆ ಮಾತಾಡಿದರು. ಬೇಲಿ ಸೇತುವೆಯ ಕತೆ ಹೇಳಿದರು. ಬೇಲಿ ಅಂದರೆ ಅದನ್ನು ರೂಪಿಸಿದ ಇಂಜಿನಿಯರ್‌ನ ಹೆಸರು. ಹತ್ತು ಅಡಿ ಉದ್ದದ ಉಕ್ಕಿನ ಚೌಕಟ್ಟುಗಳು, ಒಂದೊಂದೂ ಸುಮಾರು 260 ಕಿಲೊ. ಆರು ಜನ ಹೊತ್ತು ತಂದು ಪಿನ್ ಹಾಕಿ ಜೋಡಿಸುತ್ತ ಹೋದರೆ, ಕ್ರೇನ್ ಇಲ್ಲದೆ ಹೊಳೆ ಮೇಲೆ ಸೇತುವೆ. ಮೇಜರ್ ಆಗಿದ್ದಾಗಲೂ ಕಾಕಾ ಆರನೆಯವನಾಗಿ ಹೆಗಲು ಕೊಡುತ್ತಿದ್ದರಂತೆ. ಇದು ನಮಗೆ ಹೊಸದು. 2018ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನಲ್ಲಿ ಸೈನ್ಯದವರು ಪಾದಚಾರಿ ಸೇತುವೆ ಕಟ್ಟಿದಾಗ, ಟಿವಿ ಮುಂದೆ ಕೂತು ಎಡಗಡೆ ಹೆಗಲು ಒತ್ತಿಕೊಳ್ಳುತ್ತಿದ್ದದ್ದು ಯಾಕೆ ಅಂತ ಈಗ ಗೊತ್ತಾಯಿತು.

ಮಾತು ಮುಗಿಸುವಾಗ ಅವರೂ ಅದನ್ನೇ ಅಂದರು. ಎಂಥ ಸಂಸಾರಸ್ಥ.

ಕಾಕುವಿಗೆ ಎರಡು ಮಾತಾಡಿ ಅಂದರು. ಎದ್ದಳು. ಎಂದೋ ಅಂಬಾಲಾದಲ್ಲಿ ಕಲಿತ ಹಿಂದಿ, ನಡುವೆ ಧಾರವಾಡದ ರಾಗ. ಅವಳು ಹೇಳಿದ್ದರ ಸಾರ ಇಷ್ಟು. ನೀವೆಲ್ಲ ಹೀಗನ್ನುತ್ತೀರಿ. ಅವರು ಹಾಗೆ ಹುಟ್ಟಿರಲಿಲ್ಲ. ಐವತ್ತೆರಡನೇ ವಯಸ್ಸಿಗೆ ಮನೆಗೆ ಬಂದಾಗ ಅವರಿಗೆ ಮನೆ ಗೊತ್ತಿರಲಿಲ್ಲ. ಮೊದಲ ವಾರ ಬೆಳಿಗ್ಗೆ ಆರಕ್ಕೆ ಸೀಟಿ ಹೊಡೆದರು. ಮಸಾಲೆ ಡಬ್ಬಿಗಳಿಗೆಲ್ಲ ನಂಬರ್ ಹಾಕಿ ಪಟ್ಟಿ ಅಂಟಿಸಿದರು. ಆ ಪಟ್ಟಿ ಪ್ರಕಾರ ಇಂಗು ಏಳನೇ ನಂಬರ್. ಇಪ್ಪತ್ತಾರು ವರ್ಷ ಆ ಮನೆ ನಡೆಸಿದವಳು ನಾನು. ನನಗೆ ಇಂಗು ಹುಡುಕಲು ಪಟ್ಟಿ ನೋಡಬೇಕೇನು? ಮುಂಬಯಿಯ ಒಂದು ಕಂಪನಿಯಿಂದ ಸೆಕ್ಯುರಿಟಿ ಆಫೀಸರ್ ಕೆಲಸ ಬಂತು. ಒಳ್ಳೇ ಸಂಬಳ. ಹೋಗ್ರೀ ಅಂತ ನಾನೇ ಹೇಳಿದೆ. ನಿಜವಾಗಿ ಹೇಳಿದೆ. ಹೋಗಲಿಲ್ಲ. ಮಗಳು ಮೂರು ವರ್ಷದವಳಿದ್ದಾಗ ಕೇಳಿದ್ದಳು, ಯಾವಾಗ ಹೋಗ್ತಾರೆ ಅಂತ. ಇನ್ನು ಹೋಗುವುದಿಲ್ಲ ಅಂದರು. ಸರಿ, ಇರುವುದಾದರೆ ಕಲಿಯಿರಿ ಅಂದೆ.

ಕಲಿತರು. ಅದನ್ನೂ ಹೇಳಿದಳು. ಅವಳ ಮಣಿಕಟ್ಟು ಮುರಿದ ತಿಂಗಳು ಚಪಾತಿ ಕಲಿತರು. ಅಜ್ಜಿ ಹಾಸಿಗೆ ಹಿಡಿದ ಮೂರು ವರ್ಷ ಸ್ನಾನ ಮಾಡಿಸುವುದು, ಮಗ್ಗುಲು ಬದಲಿಸುವುದು, ಬೆನ್ನಿಗೆ ಹುಣ್ಣಾಗದ ಹಾಗೆ ನೋಡುವುದು ಎಲ್ಲ ಅವರದೇ. ನರ್ಸ್ ಇಡೋಣ ಅಂದರೆ, ಅವಳು ನನ್ನನ್ನು ಸಾಕಿದ್ದು ಹದಿನಾರೇ ವರ್ಷ, ಆಮೇಲೆ ಸರ್ಕಾರ ಸಾಕಿತು ಅನ್ನುತ್ತಿದ್ದರು. ಮಾತು ಕಡಿಮೆಯಿತ್ತು, ಅದನ್ನೂ ಕಲಿತರು. ಕ್ಷಮೆ ಕೇಳುವುದು ಕೊನೆಗೆ ಕಲಿತದ್ದು, ಅದರಲ್ಲಿ ಪಾಸಾದರೋ ಇಲ್ಲವೋ ಹೇಳಲಾರೆ ಅಂದಳು.

ಮುದುಕರು ಮೇಜು ಬಡಿದು ನಕ್ಕರು. ಹೆಂಗಸರ ಸಾಲಿನಿಂದ ಚಪ್ಪಾಳೆ ಜೋರಾಗಿ ಬಂತು. ಹಿಂದಿನಿಂದ ಒಬ್ಬರು "ನಮ್ಮ ಮನೇಲಿ ಟ್ರೈನಿಂಗ್ ಇನ್ನೂ ನಡೀತಿದೆ" ಅಂತ ಕೂಗಿದರು. ಅಕ್ಕ ಮಾತ್ರ ಕಣ್ಣು ಒರೆಸಿಕೊಂಡಳು.

ಊಟ ಆದ ಮೇಲೆ ಲೆಕ್ಕ ನೋಡುವವರು ವಹಿ ತಂದರು. ಮುಂದಿನ ವರ್ಷದ ವರ್ಗಣಿ. ಯಾರ ಹೆಸರಿಗೆ ಬರೆಯಲಿ ಅಂದರು. ಇದು ನಮ್ಮ ಕಡೆ ಸಣ್ಣ ಪ್ರಶ್ನೆಯಲ್ಲ. ಮದುವೆಯ ದಿನ ಅಕ್ಕಿಯ ತಟ್ಟೆಯಲ್ಲಿ ಬರೆದು ಸೊಸೆಗೆ ಹೊಸ ಹೆಸರು ಇಡುತ್ತಿದ್ದರು. ಕಾಕಾನ ಸೈನ್ಯದ ದಾಖಲೆಯಲ್ಲಿ, ಅವರು ಪಾರ್ಟ್ ಟು ಆರ್ಡರ್ ಅನ್ನುತ್ತಾರಲ್ಲ, ಅದರಲ್ಲಿ ಮದುವೆಯ ಹೆಸರು. ಶಾಲೆಯ ಸರ್ಟಿಫಿಕೇಟ್, ಆಧಾರ್‌ನಲ್ಲಿ ತವರಿನ ಹೆಸರು. ಇಂಥ ವ್ಯತ್ಯಾಸಕ್ಕೇ ಎಷ್ಟೋ ಹೆಂಗಸರ ಕುಟುಂಬ ಪಿಂಚಣಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಈಗ ಎಲ್ಲ ಸೈನ್ಯದ ಪಿಂಚಣಿಯ ಸ್ಪರ್ಶ್ ಪೋರ್ಟಲ್‌ನಲ್ಲಿ, ಒಂದು ಅಕ್ಷರ ಕೂಡ ತಾಳೆಯಾಗಬೇಕು. ಕಾಕಾ ಹೋಗುವ ಎರಡು ವರ್ಷ ಮೊದಲೇ ಅಫಿಡವಿಟ್ ಮಾಡಿಸಿ ದಾಖಲೆ ಸರಿಮಾಡಿಸಿದ್ದರು. ಫೈಲಿನ ಮೊದಲ ಪುಟದಲ್ಲೇ ಅದರ ಪ್ರತಿ ಇದೆ. ಈ ಬರಹ ಓದುವ ಯಾರ ಮನೆಯಲ್ಲಾದರೂ ಪಿಂಚಣಿದಾರರಿದ್ದರೆ ಇವತ್ತೇ ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿ.

ಕಾಕು ತವರಿನ ಹೆಸರು ಬರೆಸಿ, ಐನೂರರ ನೋಟು ಎಣಿಸಿ ಕೊಟ್ಟಳು.

ಸೋಮವಾರ

ಬೆಳಿಗ್ಗೆ ಘೋರ್ಪಡಿ ಹತ್ತಿರದ ಯುದ್ಧ ಸ್ಮಾರಕಕ್ಕೆ ಹೋದೆವು. ಪುಣೆಯ ಜನರ ದೇಣಿಗೆಯಿಂದ ಕಟ್ಟಿದ್ದು. ಶಾಲೆಯ ಮಕ್ಕಳು ಅಲ್ಲಿಟ್ಟ ಮಿಗ್ ವಿಮಾನದ ಸುತ್ತ ಓಡುತ್ತಿದ್ದರು. ಹೆಚ್ಚು ಹೊತ್ತು ನಿಲ್ಲಲಿಲ್ಲ. ಮಧ್ಯಾಹ್ನ ಎರಡೂಕಾಲಿಗೆ ಗಾಡಿ. ಕಾಕುವಿಗೆ ಲಕ್ಷ್ಮೀ ರೋಡಿನಲ್ಲಿ ಒಂದು ಸೀರೆ ಬದಲಾಯಿಸುವುದಿತ್ತು.

ಸ್ಟೇಷನ್ನಿಗೆ ಬಿಡಲು ಬಂದ ಅಳಿಯ ದಾರಿಯುದ್ದಕ್ಕೂ ಅಜ್ಜನ ಸ್ಕೂಟರ್ ವಿಚಾರ ತೆಗೆದ. ಧಾರವಾಡದ ಮನೆಯ ಹಿತ್ತಲಲ್ಲಿ ಹಳೇ ಬಜಾಜ್ ಚೇತಕ್ ಇದೆ, ತಾಡಪತ್ರಿ ಹೊದ್ದು ನಿಂತಿದೆ. ಅದು ತಯಾರಾದದ್ದು ಇಲ್ಲೇ ಆಕುರ್ಡಿಯಲ್ಲಿ. ಆ ಕಾಲದಲ್ಲಿ ಚೇತಕ್ ಬುಕ್ ಮಾಡಿದರೆ ವರ್ಷಗಟ್ಟಲೆ ಕಾಯಬೇಕಿತ್ತು. ಅಳಿಯನಿಗೆ ಅದನ್ನು ರಿಪೇರಿ ಮಾಡಿ ಓಡಿಸುವ ಆಸೆ. ಫೈಲಿನಲ್ಲಿ ಮಾತ್ರ ಕಾಕಾ ಸ್ಪಷ್ಟವಾಗಿ ಬರೆದಿದ್ದಾರೆ: "ಸ್ಕೂಟರ್ ಮಾರಿಬಿಡು. ಹುಡುಗರಿಗೆ ಕೊಡಬೇಡ. ಬ್ರೇಕ್ ನಂಬಿಕೆಯಿಲ್ಲ."

ಗಾಡಿ ಸಾತಾರಾ ದಾಟಿತು. ಸಾಂಗ್ಲಿಯಲ್ಲಿ ಭಡಂಗ್ ಕೊಂಡೆವು. ಕಾಕು ಫೈಲ್ ತೆಗೆದು, ಆ ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಯೋಚನೆ ಮಾಡಿದಳು. ನನ್ನ ಪೆನ್ನು ಇಸಕೊಂಡು ಅಡ್ಡಗೆರೆ ಎಳೆದಳು. ಆಮೇಲೆ ಧಾರವಾಡದ ಮೆಕ್ಯಾನಿಕ್‌ಗೆ ಫೋನ್ ಹಚ್ಚಿದಳು.

"ಹಲೋ, ಕರ್ನಲ್ ಸಾಹೇಬ್ರ ಮನಿಯಿಂದ. ನಾಳೆ ಬಂದು ಚೇತಕ್ ನೋಡಪಾ. ಬ್ರೇಕ್ ಎರಡೂ ಹೊಸಾವು ಹಾಕು, ಕೇಬಲ್ಲೂ ಬದಲ್ ಮಾಡು. ಎಷ್ಟಾಗತದ ಅಂತ ಮೊದಲ ಹೇಳು. ಹಾಂ... ಇಲ್ಲ, ಮಾರೂದಿಲ್ಲ. ರೈಲ್ವೆ ಪಾರ್ಸಲ್‌ನಾಗ ಪುಣೆಗೆ ಕಳಸಬೇಕು. ಟ್ಯಾಂಕಿನಾಗ ಪೆಟ್ರೋಲ್ ಇರಬಾರದಂತಲ್ಲ? ಅದನ್ನೂ ವಿಚಾರ್ಸು."